ಆ ಒಂದು ಬಾಗಿಲು ತೆಗೆದ ಮೇಲೆ

ಕಾನೂನಿನ ಲೆಕ್ಕದಲ್ಲಿ ನಮ್ಮ ಮನೆಯ ಹಿಂಬದಿಯ ಗಾಜಿನ ಕೋಣೆ ಮನೆಯ ಒಳಗೆ ಇರಲೇ ಇಲ್ಲ. ಅಲ್ಲಿ ಬೆತ್ತದ ಕುರ್ಚಿಗಳಿದ್ದವು, ಪುಸ್ತಕದ ಕಪಾಟಿತ್ತು, ತುಳಸಿಯ ಕುಂಡವಿತ್ತು. ಮಕ್ಕಳು ಅಲ್ಲೇ ಕುಳಿತು ಓದಿಕೊಳ್ಳುತ್ತಿದ್ದರು. ಆದರೂ ಅದು ಹೊರಗೆ. ಅದನ್ನು ಹೊರಗಿಟ್ಟಿದ್ದು ಒಂದೇ ಒಂದು ಬಾಗಿಲು: ನಡುಮನೆಗೂ ಅದಕ್ಕೂ ನಡುವೆ ಇದ್ದ, ಪಕ್ಕಕ್ಕೆ ಸರಿಯುವ ದೊಡ್ಡ ಗಾಜಿನ ಬಾಗಿಲು.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ನಗರದ ಬ್ಲೆಚ್ಲಿಯಲ್ಲಿ. ಇಲ್ಲಿನ ಎಷ್ಟೋ ಮನೆಗಳ ಬೆನ್ನಿಗೆ ಇಂಥದೊಂದು ಕೋಣೆ ಅಂಟಿಕೊಂಡಿರುತ್ತದೆ. ಗಿಡ್ಡ ಇಟ್ಟಿಗೆ ಗೋಡೆ, ಅದರ ಮೇಲೆ ಮೂರು ಕಡೆಯೂ ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ಗಾಜು, ತಲೆಯ ಮೇಲೆ ಪಾಲಿಕಾರ್ಬೊನೇಟ್ ಹಾಳೆಯ ಮಾಡು. ಇದಕ್ಕೆ ಕನ್ಸರ್ವೇಟರಿ ಎನ್ನುತ್ತಾರೆ. ನೆಲಮಟ್ಟದಲ್ಲಿದ್ದು, 30 ಚದರ ಮೀಟರಿಗಿಂತ ಚಿಕ್ಕದಾಗಿದ್ದು, ಮನೆಯ ಹೀಟಿಂಗ್ ಕೊಳವೆಯನ್ನು ಒಳಗೆ ಎಳೆಯದೆ, ಮನೆಗೂ ಅದಕ್ಕೂ ನಡುವೆ ಹೊರಗೋಡೆಗೆ ಕೂರಿಸುವಂಥ ಗಟ್ಟಿ ಬಾಗಿಲನ್ನೇ ಉಳಿಸಿಕೊಂಡಿದ್ದರೆ, ಗಾಜಿನ ಸುರಕ್ಷತೆಯಂಥ ಒಂದೆರಡು ವಿಷಯ ಬಿಟ್ಟು ಕಟ್ಟಡ ನಿಯಮಗಳು ಅದರ ತಂಟೆಗೆ ಬರುವುದಿಲ್ಲ. ನಡುವಿನ ಬಾಗಿಲು ಕಿತ್ತರೆ ಮಾತ್ರ ಆ ವಿನಾಯಿತಿ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಗೋಡೆ, ಮಾಡು, ನೆಲ, ಕಿಟಕಿ ಎಲ್ಲವೂ ಮನೆಯ ಗೋಡೆ, ಮನೆಯ ಕಿಟಕಿಗಳ ಹಾಗೆಯೇ ಪರೀಕ್ಷೆಗೆ ನಿಲ್ಲಬೇಕು. ಒಂದು ಬಾಗಿಲಿನ ಮೇಲೆ ಇಷ್ಟೆಲ್ಲ ನಿಂತಿದೆ ಎಂದು ಮೊದಲ ಸಲ ಓದಿದಾಗ ನನಗೆ ಈ ನಿಯಮ ಬರೆದವರ ಮೇಲೆ ಗೌರವ ಹುಟ್ಟಿತು. ಮನೆಯೆಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ನಾವು ಆ ಬಾಗಿಲು ತೆಗೆದದ್ದು ಅಮ್ಮನಿಗಾಗಿ. 2022ರ ಬೇಸಿಗೆಯಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ಸಂದರ್ಶಕರ ವೀಸಾದಲ್ಲಿ ಒಮ್ಮೆ ಬಂದರೆ ಆರು ತಿಂಗಳವರೆಗೆ ಇರಬಹುದು. ಅಷ್ಟು ಕಾಲ ಮಹಡಿ ಹತ್ತಿಳಿಯಲು ಅವಳ ಮಂಡಿ ಒಪ್ಪಲಿಲ್ಲ. ಮಲಗುವ ಕೋಣೆಗಳೆಲ್ಲ ಮೇಲೆ. ಅವಳು ನಡುಮನೆಯ ಸೋಫಾದ ಮೇಲೆ ಮಲಗಿದಳು. ಎಲ್ಲರೂ ಏಳುವ ಮೊದಲೇ ಎದ್ದು ಹೊದಿಕೆ ಮಡಚಿ ಒಳಗಿಟ್ಟು, ರಾತ್ರಿ ಅಲ್ಲಿ ಯಾರೂ ಮಲಗಿರಲೇ ಇಲ್ಲವೇನೋ ಎಂಬಂತೆ ಸೋಫಾ ಸರಿಪಡಿಸಿಡುತ್ತಿದ್ದಳು. ಮಗಳ ಮನೆಯಲ್ಲಿ ಅವಳು ಹೀಗೆ ಗುರುತು ಉಳಿಸದೆ ಇರಬೇಕಾಗಿ ಬಂದದ್ದು ನನಗೆ ಸಹಿಸಲಾಗಲಿಲ್ಲ.

ಗಾಜಿನ ಕೋಣೆಯಲ್ಲೇ ಮಲಗಿಸೋಣವೆಂದರೆ ಆ ವರ್ಷದ ಬಿಸಿಲು! ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಈ ದೇಶದಲ್ಲಿ ತಾಪ 40 ದಾಟಿದ್ದು ಅದೇ ಮೊದಲು. ಅಂದು ನಮ್ಮ ಕನ್ಸರ್ವೇಟರಿಯ ಒಳಗೆ ಕಾಲಿಡಲಾಗಲಿಲ್ಲ. ಚಳಿಗಾಲದಲ್ಲಿ ಅದೇ ಕೋಣೆಯ ಗಾಜಿನ ಒಳಮೈಯಲ್ಲಿ ನೀರಿಳಿಯುತ್ತದೆ, ತುಳಸಿ ಸಾಯುತ್ತದೆ. ಮಳೆ ಬಂದರೆ ಮಾಡಿನ ಸದ್ದಿಗೆ ಎದುರಿಗಿದ್ದವರ ಮಾತು ಕೇಳುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಹುಟ್ಟಿ ಬೆಳೆದ ಅಮ್ಮನೇ, "ಇದೆಂಥ ಕೋಣೆ ಮಾರಾಯ್ತಿ, ಬಿಸಿಲು ತಡೆಯೂದಿಲ್ಲ, ಚಳಿ ತಡೆಯೂದಿಲ್ಲ, ಮಳೆಯನ್ನಾದರೂ ಸುಮ್ಮನೆ ಸುರಿಯಕ್ಕೆ ಬಿಡತ್ತಾ ಅಂದ್ರೆ ಅದೂ ಇಲ್ಲ" ಎಂದಳು.

ಗಾಜಿನ ಮನೆಯೆಂದರೆ ಅವಳಿಗೆ ಲಾಲ್‌ಬಾಗಿನದು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಳು. "ಅಲ್ಲಿ ಗಾಳಿ ಆಡತ್ತೆ" ಎಂದು ಅವಳು ಹೇಳಿದ್ದು ಸರಿಯಾದ ಮಾತು. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡದ ಎರಕದ ಕಬ್ಬಿಣ ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯಿಂದ ಹಡಗೇರಿ ಬಂದದ್ದು. ಅದರ ಕಲ್ಪನೆಯ ಹಿಂದಿರುವುದು 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎಬ್ಬಿಸಿದ ಕ್ರಿಸ್ಟಲ್ ಪ್ಯಾಲೆಸ್. ಆದರೆ ಬೆಂಗಳೂರಿಗೆ ಬಂದ ಮೇಲೆ ಅದರ ಬದಿಗಳು ತೆರೆದವು. ಇಂಗ್ಲೆಂಡಿನಲ್ಲಿ ಬಿಸಿಲನ್ನು ಹಿಡಿದಿಡಲು ಮಾಡಿದ ಕಟ್ಟಡ ಅಲ್ಲಿ ಬಿಸಿಲು ಮಳೆಗೆ ನೆರಳಾಯಿತು. ಇಲ್ಲಿನವರಿಗೆ ಬೆಳಕಿನ ಹಸಿವು ಎಷ್ಟೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1696ರಿಂದ 1851ರವರೆಗೆ ಈ ದೇಶದಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಇಟ್ಟಿಗೆ ಹಾಕಿ ಮುಚ್ಚಿದ ಕಿಟಕಿಗಳು ಹಳೆಯ ಬೀದಿಗಳಲ್ಲಿ ಇಂದಿಗೂ ಕಾಣುತ್ತವೆ. ಗಾಜಿನ ಮೇಲಿದ್ದ ಸುಂಕ ಹೋದದ್ದು 1845ರಲ್ಲಿ. ಅಷ್ಟು ಕಾಲ ಬೆಳಕಿಗೆ ಕಾಸು ಕೊಟ್ಟ ಜನ ಹಿತ್ತಲಲ್ಲಿ ಗಾಜಿನ ಕೋಣೆ ಕಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮದನ್ನು ಕೋಣೆ ಮಾಡುವುದೆಂದರೆ ಅದರ ಬಹುಪಾಲು ಗಾಜನ್ನು ತೆಗೆಯುವುದು. ಕೆಲಸ ಶುರುವಾಗುವ ಮೊದಲು ಪಾಯ ನೋಡಲು ಒಂದು ಗುಂಡಿ ತೋಡಿಸಿದೆವು. ಬ್ಲೆಚ್ಲಿಯ ಅಡಿಯಲ್ಲಿರುವುದು ಆಕ್ಸ್‌ಫರ್ಡ್ ಕ್ಲೇ ಎಂಬ ಜೇಡಿ. ಇದರಲ್ಲಿ ಉರಿಯುವ ಸಾವಯವ ಅಂಶ ಎಷ್ಟಿದೆಯೆಂದರೆ, ಗೂಡಿಗೆ ಹಾಕಿದ ಹಸಿ ಇಟ್ಟಿಗೆ ತನ್ನೊಳಗಿನ ಉರುವಲಿನಿಂದಲೇ ಬಹುಮಟ್ಟಿಗೆ ಬೇಯುತ್ತದೆ. ಅದಕ್ಕೇ ಇಲ್ಲಿ ಹಿಂದೆ ದೊಡ್ಡ ಇಟ್ಟಿಗೆ ಕಾರ್ಖಾನೆಗಳಿದ್ದವು. ಇಟ್ಟಿಗೆಗೆ ಒಳ್ಳೆಯದಾದ ಈ ಮಣ್ಣು ಪಾಯಕ್ಕೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಕುಗ್ಗುತ್ತದೆ, ಚಳಿಗಾಲದ ತೇವಕ್ಕೆ ಉಬ್ಬುತ್ತದೆ. ಗುಂಡಿಯಲ್ಲಿ ಕಂಡ ಹಳೆಯ ಕಾಂಕ್ರೀಟು ಗಾಜನ್ನು ಹೊರಲು ಸಾಕಿತ್ತು, ಗೋಡೆಯನ್ನು ಹೊರಲು ಅಲ್ಲ. ಹಾಗಾಗಿ ಒಂದು ಮೀಟರ್ ಆಳಕ್ಕೆ ಹೊಸ ಪಾಯ ಹಾಕಿಸಿ, ಹೊರಗೆ ಇಟ್ಟಿಗೆ, ಒಳಗೆ ಬ್ಲಾಕು, ನಡುವೆ ಉಷ್ಣರೋಧಕ ತುಂಬಿದ ಜೋಡಿ ಗೋಡೆ ಎಬ್ಬಿಸಿ, ಮೇಲೆ ಗಟ್ಟಿ ಮಾಡು ಹೊದಿಸಿದ್ದಾಯಿತು. ಅದೆಲ್ಲ ಮೇಸ್ತ್ರಿಗಳ ಕೆಲಸ. ಅವರು ಚೆನ್ನಾಗಿಯೇ ಮಾಡಿದರು. ನಾನು ಮನಸ್ಸಿಟ್ಟು ನೋಡಿದ್ದು, ಇಂದಿಗೂ ನೆನಪಿಟ್ಟುಕೊಂಡಿರುವುದು ಗೋಡೆಗಳ ನಡುವೆ ಬಿಟ್ಟ ಜಾಗಗಳನ್ನು.

ಎಷ್ಟು ಜಾಗ ಬಿಡಬಹುದು? ಅದಕ್ಕೂ ನಿಯಮವಿದೆ. ಹೊಸ ಕೋಣೆಯ ಬಾಗಿಲು, ಕಿಟಕಿ, ಮಾಡಿನ ಬೆಳಕಿಂಡಿ ಎಲ್ಲ ಸೇರಿ ಅದರ ನೆಲದ ವಿಸ್ತೀರ್ಣದ ನಾಲ್ಕನೇ ಒಂದು ಭಾಗವನ್ನು ಮೀರಬಾರದು. ಇದರ ಜೊತೆಗೆ ಒಂದು ಉದಾರವಾದ ಮಾತೂ ಇದೆ: ಹೊಸ ಕಟ್ಟಡದಿಂದಾಗಿ ಹಳೆಯ ಮನೆ ಯಾವ ಬಾಗಿಲು ಕಿಟಕಿಯ ಬೆಳಕನ್ನು ಕಳೆದುಕೊಂಡಿತೋ ಅಷ್ಟು ವಿಸ್ತೀರ್ಣವನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ನಮ್ಮ ಕೋಣೆ 4 ಮೀಟರ್ ಅಗಲ, ಮೂರೂವರೆ ಮೀಟರ್ ಉದ್ದ. 14 ಚದರ ಮೀಟರಿನ ಕಾಲುಭಾಗ ಮೂರೂವರೆ. ಹಳೆಯ ಜಾರುಬಾಗಿಲು 1.8 ಮೀಟರ್ ಅಗಲ, 2.1 ಮೀಟರ್ ಎತ್ತರ, ಅಂದರೆ 3.78. ಒಟ್ಟು 7.28 ಚದರ ಮೀಟರ್ ತೆರಪು ನಮ್ಮ ಪಾಲಿಗೆ. ಹೋಗುವ ಬಾಗಿಲು ತನ್ನ ಗಾತ್ರದಷ್ಟೇ ಬೆಳಕನ್ನು ಹೊಸ ಕೋಣೆಗೆ ಬರೆದುಕೊಟ್ಟು ಹೋಯಿತು. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ನಾನೂ ನಮ್ಮ ಮನೆಯವರೂ ಈ ಏಳು ಚದರ ಮೀಟರನ್ನು ಹಂಚಲು ಕುಳಿತೆವು.

ಪೂರ್ವಕ್ಕೆ ಪಕ್ಕದ ಮನೆಯ ಬೇಲಿ. ಅಲ್ಲಿ ಗೋಡೆಯೇ ಇರಲಿ. ದಕ್ಷಿಣಕ್ಕೆ ತೋಟ. ಪಶ್ಚಿಮಕ್ಕೆ ಸಂಜೆಯ ಬಿಸಿಲು. ತೀರ್ಥಹಳ್ಳಿಯಲ್ಲಿ ಸೂರ್ಯ ನೆತ್ತಿಯ ಮೇಲೆ ಹಾಯುತ್ತಾನೆ, ಸೂರು ಇಳಿಬಿಟ್ಟರೆ ಸಾಕು. ಇಲ್ಲಿ ಡಿಸೆಂಬರಿನ ನಡುಹಗಲಲ್ಲೂ ಅವನು ದಿಗಂತದಿಂದ 15 ಡಿಗ್ರಿಯಷ್ಟು ಎತ್ತರವೂ ಏರುವುದಿಲ್ಲ. ಆ ಬಿಸಿಲು ದಕ್ಷಿಣದ ಕಿಟಕಿಯಿಂದ ಹಾದು ಒಳಗೋಡೆಯವರೆಗೂ ಮಲಗುತ್ತದೆ. ಚಳಿಗಾಲದಲ್ಲಿ ಅದು ಬೇಕು. ಜೂನಿನಲ್ಲೋ ಸೂರ್ಯ ರಾತ್ರಿ ಒಂಬತ್ತು ದಾಟಿದ ಮೇಲೆ ವಾಯವ್ಯದಲ್ಲಿ ಮುಳುಗುವವರೆಗೆ ಪಶ್ಚಿಮದ ಗೋಡೆಯನ್ನು ಕಾಯಿಸುತ್ತಲೇ ಇರುತ್ತಾನೆ. ಅದು ಬೇಡ. ಹಾಗಾಗಿ ದಕ್ಷಿಣಕ್ಕೆ ತೋಟದತ್ತ ತೆರೆಯುವ ಎರಡು ಕದದ ಗಾಜಿನ ಬಾಗಿಲು, ಒಂದೂವರೆ ಮೀಟರ್ ಅಗಲ. ಅದರ ಪಕ್ಕ ದೊಡ್ಡ ಕಿಟಕಿ. ಪಶ್ಚಿಮಕ್ಕೆ ಗಾಳಿಯಾಡಲು ಸಾಕಾಗುವಷ್ಟು ಚಿಕ್ಕದೊಂದು. ಬೆಳಕು ಕಳೆದುಕೊಂಡ ನಡುಮನೆಯ ಕಡೆಗೆ ವಾಲುವಂತೆ ಮಾಡಿನಲ್ಲಿ ಒಂದು ಬೆಳಕಿಂಡಿ. ಎಲ್ಲ ಕೂಡಿದರೂ ಲೆಕ್ಕದೊಳಗೇ ಉಳಿಯಿತು.

ದಕ್ಷಿಣದ ಕಿಟಕಿಯ ಬಗ್ಗೆ ನಾನು ಹಟ ಹಿಡಿದೆ. ಸಾಮಾನ್ಯವಾಗಿ ಅದರ ತಳವನ್ನು ಸೊಂಟದೆತ್ತರಕ್ಕೆ ಇಡುತ್ತಾರೆ. ಮಂಚದ ಮೇಲೆ ಕುಳಿತ ಅಮ್ಮನಿಗೆ ಆಗ ಕಾಣುವುದು ಆಕಾಶ ಮತ್ತು ಪಕ್ಕದ ಮನೆಯ ಚಿಮಣಿ. ಹೂವಿನ ಪಾತಿ ಕಾಣಬೇಕಾದರೆ ತಳ ನೆಲದಿಂದ 600 ಮಿಲಿಮೀಟರಿಗೆ ಇಳಿಯಬೇಕು. ಕಿಟಕಿಯಲ್ಲಿ ನೆಲದಿಂದ 800 ಮಿಲಿಮೀಟರಿಗಿಂತ ಕೆಳಗೆ ಬರುವ ಗಾಜು, ಬಾಗಿಲಿನಲ್ಲಾದರೆ 1500ರವರೆಗಿನ ಗಾಜು, ಬಾಗಿಲಿನ ಅಕ್ಕಪಕ್ಕ 300 ಮಿಲಿಮೀಟರಿನೊಳಗಿನದು, ಇವೆಲ್ಲ ಸುರಕ್ಷಿತ ಗಾಜೇ ಆಗಿರಬೇಕು: ಒಡೆದರೆ ಚೂಪು ಚೂರಾಗದೆ ಕಾಳುಕಾಳಾಗಿ ಉದುರುವ ಟಫನ್ ಮಾಡಿದ ಗಾಜು, ಇಲ್ಲವೇ ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುವ ಲ್ಯಾಮಿನೇಟ್ ಗಾಜು. ಅಂಥ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಗುರುತೊಂದಿರುತ್ತದೆ; ಕೌನ್ಸಿಲ್ಲಿನ ಇನ್‌ಸ್ಪೆಕ್ಟರ್ ಬಂದಾಗ ಮೊದಲು ಬಗ್ಗಿ ನೋಡಿದ್ದು ಅದನ್ನೇ. ಸ್ವಲ್ಪ ಹೆಚ್ಚು ಹಣ ಹೋಯಿತು. ಮುದುಕರ ಕೋಣೆಗೆ ಕಿಟಕಿ ಇಡುವವರು ನಿಂತು ಅಳೆಯಬಾರದು, ಕುಳಿತು ಅಳೆಯಬೇಕು ಎಂದು ನಾನು ಈಗಲೂ ಕಂಡವರಿಗೆಲ್ಲ ಹೇಳುತ್ತೇನೆ.

ಗಾಜಿನಲ್ಲಿ ಇನ್ನೊಂದು ಅಂಕಿ ಮುಖ್ಯ. ಎಷ್ಟು ಬಿಸಿ ಸೋರಿಹೋಗುತ್ತದೆ ಎಂಬುದನ್ನು ಯು-ಮೌಲ್ಯವೆಂಬ ಅಳತೆಯಲ್ಲಿ ಹೇಳುತ್ತಾರೆ, ಕಡಿಮೆಯಾದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ ಅದು 5ರ ಆಸುಪಾಸು. ಹಳೆಯ ಕಾಲದ ಜೋಡಿ ಗಾಜಿಗೆ 3ರ ಸಮೀಪ. 2022ರ ಜೂನ್‌ನಿಂದ ಜಾರಿಗೆ ಬಂದ ನಿಯಮ ಹೊಸ ಕಿಟಕಿಗೆ ಕೇಳುವುದು 1.4. ಹೊಸ ಗೋಡೆಗಾದರೆ 0.18. ಅಂದರೆ ನಿಯಮ ಒಪ್ಪುವ ಹೊಸ ಕಿಟಕಿಯಿಂದಲೂ ಅದರ ಪಕ್ಕದ ಗೋಡೆಗಿಂತ ಏಳೆಂಟು ಪಟ್ಟು ಬಿಸಿ ಸೋರುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಿದ ಮೇಲೆ ಆ ಕಾಲುಭಾಗದ ನಿಯಮದ ಅರ್ಥ ನನಗೆ ಸರಿಯಾಗಿ ಹತ್ತಿತು.

ಬಾಗಿಲು ಕಿಟಕಿ ಕೂರಿಸಲು ಬಂದವರು ಅರವತ್ತು ದಾಟಿದ ಒಬ್ಬ ಹಿರಿಯರು, ಜೊತೆಗೆ ಒಬ್ಬ ಹುಡುಗ. ಅವರು ಅಳತೆ ತೆಗೆಯುವುದನ್ನು ನೋಡುತ್ತ ನಿಂತೆ. ತೆರಪಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ. ಮೂರರಲ್ಲಿ ಅತಿ ಚಿಕ್ಕದನ್ನು ಆರಿಸಿಕೊಂಡು ಅದರಿಂದಲೂ 10 ಮಿಲಿಮೀಟರ್ ಕಳೆದರು. ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಹಿಡಿದರು. ಎರಡು ಕರ್ಣ ಸಮವಾದರೆ ಮಾತ್ರ ತೆರಪು ಚೌಕ. "ಗೋಡೆಗೆ ಸರಿಯಾಗಿ ಕೂರುವ ಕಿಟಕಿ ಕೂರುವುದೇ ಇಲ್ಲ" ಎಂದರು. ನನಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿ ತಿಳಿದುಕೊಂಡು, ಪ್ಲಾಸ್ಟಿಕ್ ಚೌಕಟ್ಟು ಬಿಸಿಲಿಗೆ ಹಿಗ್ಗುತ್ತದೆ ಎಂದು ವಿವರಿಸಿದರು. ಆಮೇಲೆ ನಾನೇ ಲೆಕ್ಕ ಹಾಕಿದೆ: ಯುಪಿವಿಸಿ ಎಂಬ ಈ ಪ್ಲಾಸ್ಟಿಕ್ಕಿನ ಎರಡು ಮೀಟರ್ ಉದ್ದದ ಚೌಕಟ್ಟು 30 ಡಿಗ್ರಿ ತಾಪ ಏರಿದರೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಸುತ್ತ ಬಿಡುವ ಐದೈದು ಮಿಲಿಮೀಟರ್ ಸಂದಿ ಬೇಸಿಗೆಗಾಗಿ ಮೀಸಲಿಟ್ಟ ಜಾಗ.

ಅಮ್ಮ ಎರಡನೆಯ ಸಲ ಬಂದಾಗ ಗೋಡೆಗಳು ಎದ್ದಿದ್ದವು, ತೆರಪುಗಳ ಮೇಲೆ ಉಕ್ಕಿನ ಲಿಂಟಲ್‌ಗಳು ಕುಳಿತಿದ್ದವು, ಎರಡೂ ಬದಿಗೆ 150 ಮಿಲಿಮೀಟರ್ ಗೋಡೆಯ ಮೇಲೆ ಊರಿಕೊಂಡು. ಕಿಟಕಿಗಳು ಇನ್ನೂ ಬಂದಿರಲಿಲ್ಲ. ಅವಳು ಕೋಲೂರಿಕೊಂಡು ಬಂದು ತೆರಪಿನ ಮುಂದೆ ನಿಂತು ಕೇಳಿದ ಮೊದಲ ಮಾತು, "ಬಾಗಿಲುವಾಡ ನಿಲ್ಸೂದು ಯಾವತ್ತು?" ಊರಿನಲ್ಲಿ ಮನೆ ಕಟ್ಟುವಾಗ ಅದೊಂದು ದೊಡ್ಡ ದಿನ. ಆಚಾರ್ರು ಕೊರೆದು ತಂದ ಬಾಗಿಲುವಾಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೊಸ್ತಿಲಿನ ಅಡಿಗೆ ನವಧಾನ್ಯ, ಬೆಳ್ಳಿಯದೋ ತಾಮ್ರದ್ದೋ ನಾಣ್ಯ ಹಾಕಿ, ಮಾವಿನ ತೋರಣ ಕಟ್ಟಿ ನಿಲ್ಲಿಸುತ್ತಾರೆ. ಆಮೇಲೆ ಗೋಡೆ ಅದರ ಸುತ್ತ ಬೆಳೆಯುತ್ತದೆ. ಇಲ್ಲಿ ಗೋಡೆ ಮೊದಲು, ಬಾಗಿಲು ಆಮೇಲೆ, ಅದೂ ಕಾರ್ಖಾನೆಯಿಂದ ಗಾಜು ಸಮೇತ ಬರುವಂಥದು. ಅದನ್ನು ಕೇಳಿ ಅವಳು ಸುಮ್ಮನಾದಳು. ಮರುದಿನ ಒಂದು ಸಣ್ಣ ಬಟ್ಟೆಯ ಗಂಟು ಕಟ್ಟಿಟ್ಟುಕೊಂಡಿದ್ದಳು. ಇಂಡಿಯನ್ ಅಂಗಡಿಯಿಂದ ನಾನು ತಂದಿಟ್ಟಿದ್ದ ಕಾಳುಗಳು, ಅವಳ ಪರ್ಸಿನಲ್ಲಿದ್ದ ಒಂದು ರೂಪಾಯಿ.

ಬಾಗಿಲು ಕೂರಿಸುವ ದಿನ ಹಿರಿಯರಿಗೆ ವಿಷಯ ಹೇಳಿದೆ. ಅವರು ಚೌಕಟ್ಟನ್ನು ಹುಡುಗನ ಕೈಗೆ ಕೊಟ್ಟು, ತಳದ ಇನ್ಸುಲೇಷನ್ನಿನ ಪಕ್ಕದಲ್ಲಿ ಆ ಗಂಟಿಗೆ ಎಷ್ಟು ಜಾಗ ಬೇಕೋ ನೋಡಿ, ತಾವೇ ಒಂದು ಕುಳಿ ಮಾಡಿಕೊಟ್ಟರು. ಅಮ್ಮನಿಗೆ ಬಗ್ಗಲಾಗದು, ಅವಳು ಕೈಯಲ್ಲಿಟ್ಟದ್ದನ್ನು ನಾನು ಇರಿಸಿದೆ. ಅವರು ಹೇಳಿದರು: ಹಳೆಯ ಮನೆಗಳ ಕೆಲಸಕ್ಕೆ ಹೋದಾಗ ಗೋಡೆಯೊಳಗೆ, ಚಿಮಣಿಯ ಪಕ್ಕ, ನೆಲದ ಹಲಗೆಯ ಅಡಿ ಹಳೆಯ ಬೂಟುಗಳು ಸಿಗುತ್ತವಂತೆ. ಸವೆದು ಹೋದ ಒಂಟಿ ಬೂಟು, ಎಷ್ಟೋ ಸಲ ಮಕ್ಕಳದು. ಕೇಡು ಒಳಗೆ ಬಾರದಿರಲೆಂದು ಹಿಂದಿನವರು ಇಟ್ಟದ್ದು ಎಂದು ನಂಬಿಕೆ. ಸಿಕ್ಕಿದ್ದನ್ನು ಮತ್ತೆ ಅಲ್ಲೇ ಇಟ್ಟು ಮುಚ್ಚಿಬಿಡುತ್ತೇನೆ ಎಂದರು. ಬ್ಲೆಚ್ಲಿಗೆ ಹತ್ತಿರದ್ದೇ ಆದ ನಾರ್ಥಾಂಪ್ಟನ್ ಪಾದರಕ್ಷೆಗೆ ಹೆಸರಾದ ಪಟ್ಟಣ. ಹೀಗೆ ಗೋಡೆಗಳಲ್ಲಿ ಸಿಕ್ಕ ಬೂಟುಗಳಿಗೆಂದೇ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ದಾಖಲೆ ಇಟ್ಟಿದ್ದಾರೆ ಎಂದು ನಾನು ಆಮೇಲೆ ತಿಳಿದುಕೊಂಡೆ. ಅವರ ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಾಗ ಅವಳಿಗೇನೂ ವಿಚಿತ್ರವೆನಿಸಲಿಲ್ಲ. "ಮನೆ ಅಂದ್ಮೇಲೆ ಎಲ್ಲಾರೂ ಏನಾದ್ರೂ ಇಡ್ತಾರೆ" ಎಂದಳು.

ಚೌಕಟ್ಟು ಕೂರಿಸುವ ಕೆಲಸದಲ್ಲಿ ಅವಸರಕ್ಕೆ ಜಾಗವೇ ಇಲ್ಲ. ಮೊದಲು ಅದನ್ನು ಜೋಡಿ ಗೋಡೆಯ ನಡುವಿನ ಟೊಳ್ಳಿನ ಮೇಲೆ ಸರಿಯಾಗಿ ಹಿಂದಕ್ಕೆ ತಳ್ಳಿ ನಿಲ್ಲಿಸಿದರು. ಗೋಡೆಯ ಅಂಚಿನಲ್ಲಿರುವ ಉಷ್ಣರೋಧಕ ಮುಚ್ಚಳದ ಮೇಲೆ ಚೌಕಟ್ಟು ಕನಿಷ್ಠ 30 ಮಿಲಿಮೀಟರ್ ಹೊದ್ದುಕೊಂಡಿರಬೇಕು. ಹೊರಗಿನ ಇಟ್ಟಿಗೆಯ ಸಾಲಿನಲ್ಲಿ ನಿಂತರೆ ಚಳಿ ಇಟ್ಟಿಗೆಯಿಂದ ಸುತ್ತಿಕೊಂಡು ಒಳಗೆ ಬಂದು ಕಿಟಕಿಯ ಬದಿಯಲ್ಲಿ ಬೂಷ್ಟು ಕಟ್ಟುತ್ತದೆ. ಆಮೇಲೆ ರಸಮಟ್ಟ. ತಳ, ಎರಡೂ ನಿಲುವು, ಮುಂದಕ್ಕೆ ಹಿಂದಕ್ಕೆ ವಾಲು. ಸಂದಿಯೊಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೂರಿಸುತ್ತ ಕೂದಲೆಳೆಯಷ್ಟು ಎತ್ತಿ ಇಳಿಸಿ ಸರಿಮಾಡಿದರು. ಒಂದೊಂದು ಬಣ್ಣ ಒಂದೊಂದು ದಪ್ಪ. ಸ್ಕ್ರೂ ಬೀಳುವುದು ಆ ಬಿಲ್ಲೆಗಳ ಜಾಗದಲ್ಲೇ, ಮೂಲೆಯಿಂದ ಗೇಣಿನಷ್ಟು ದೂರದಲ್ಲಿ ಒಂದು, ಆಮೇಲೆ 600 ಮಿಲಿಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ. ಹುಡುಗ ಒಂದು ಸ್ಕ್ರೂವನ್ನು ಪೂರ್ತಿ ಬಿಗಿಯಲು ಹೋದಾಗ ಹಿರಿಯರು ಅವನ ಕೈ ಹಿಡಿದರು. ಬಿಗಿದರೆ ಚೌಕಟ್ಟು ಗೋಡೆಯತ್ತ ಬಾಗುತ್ತದೆ, ಬಾಗಿದ ಚೌಕಟ್ಟಿಗೆ ಕದ ಕೂರುವುದಿಲ್ಲ. ಮತ್ತೆ ಕರ್ಣ ಅಳೆದು, ಕದ ತೆರೆದು ಮುಚ್ಚಿ ನೋಡಿ, ಆಮೇಲೆ ಸಂದಿಗೆ ಫೋಮ್ ತುಂಬಿದರು. ಫೋಮ್ ಉಬ್ಬಿ ಗಟ್ಟಿಯಾದ ಮೇಲೆ ಕೊಯ್ದು, ಹೊರಗಡೆ ಸಿಲಿಕೋನಿನ ಎಳೆ ಎಳೆದರು. ಕಿಟಕಿಯ ತಳದಲ್ಲಿರುವ ನೀರು ಹೋಗುವ ತೂತುಗಳ ಮೇಲೆ ಆ ಎಳೆ ಹರಿಯದಂತೆ ಅವರು ಬೆರಳಿಟ್ಟು ಕಾದದ್ದು ನನ್ನ ಕಣ್ಣಿಗೆ ಕಟ್ಟಿದೆ. ಒಳಹೊಕ್ಕ ನೀರಿಗೂ ಹೊರದಾರಿ ಇರಬೇಕಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಹೊಸ್ತಿಲು. ಕೋಲೂರಿ ನಡೆಯುವವರಿಗೆ, ಮುಂದೆ ಗಾಲಿಕುರ್ಚಿ ಬೇಕಾದರೆ ಅದಕ್ಕೆ, 15 ಮಿಲಿಮೀಟರಿಗಿಂತ ಎತ್ತರದ ಹೊಸ್ತಿಲು ಇರಬಾರದು. ಮಳೆಗೆ ಇದು ಹಿಡಿಸುವುದಿಲ್ಲ. ಒಳನೆಲ ಹೊರನೆಲಕ್ಕಿಂತ 150 ಮಿಲಿಮೀಟರ್ ಎತ್ತರ ಇದ್ದರೆ ಗೋಡೆ ಒಣಗಿರುತ್ತದೆ. ಇದಕ್ಕೆ ಪರಿಹಾರವಾಗಿ ತೋಟದ ಬಾಗಿಲಿನ ಮುಂದೆ ನೆಲವನ್ನು ಎತ್ತರಿಸಿ, ಬಾಗಿಲಿನ ಉದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ ಇಟ್ಟೆವು. ನಡುಮನೆಯಿಂದ ಬರುವ ಕಡೆ ಹಳೆಯ ಜಾರುಬಾಗಿಲು ಕಿತ್ತ ದೊಡ್ಡ ತೆರಪನ್ನು ಕಿರಿದು ಮಾಡಿ 838 ಮಿಲಿಮೀಟರ್ ಅಗಲದ ಮರದ ಕದ ಹಾಕಿಸಿದೆವು, ಅದರ ಮೇಲೆ ಬೆಳಕಿಗೊಂದು ಗಾಜು. ಇಲ್ಲಿನ ಒಳಬಾಗಿಲುಗಳಿಗೆ ಹೊಸ್ತಿಲೇ ಇರುವುದಿಲ್ಲ. "ಹೊಸ್ತಿಲಿಲ್ಲದ ಕೋಣೇಲಿ ನಾ ಮಲಗೂದು ಹೆಂಗೆ?" ಎಂದಳು ಅಮ್ಮ. ಹೊಸ್ತಿಲಿಟ್ಟರೆ ಎಡವುತ್ತಾಳೆ, ಇಡದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಮೇಸ್ತ್ರಿ ಓಕ್ ಮರದ ಹಲಗೆಯೊಂದನ್ನು ಬಾಗಿಲಿನ ಅಗಲಕ್ಕೆ ಕೊಯ್ದು ನೆಲದೊಳಗೆ ಹೂತು, ಮೇಲ್ಮೈ ನೆಲದ ಸಮಕ್ಕೆ ಬರುವಂತೆ ಕೂರಿಸಿಕೊಟ್ಟ. ಕಾಲಿಗೆ ತಾಗುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಶುಕ್ರವಾರ ಅಮ್ಮನ ಪರವಾಗಿ ನಾನೋ ಮಗಳೋ ಅದಕ್ಕೆ ಅರಿಶಿನ ಕುಂಕುಮ ಇಡುತ್ತೇವೆ. ಹೊಸ್ತಿಲಿನ ಕೆಲಸ ಎತ್ತರದಿಂದ ಆಗುವುದೆಂದು ಯಾವ ಶಾಸ್ತ್ರದಲ್ಲೂ ಬರೆದಿರಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಇನ್ನೊಂದು ಮಾತುಕತೆ ಈಗಲೂ ಮುಗಿದಿಲ್ಲ. ಈಗಿನ ನಿಯಮದಂತೆ ಕಿಟಕಿಯ ಚೌಕಟ್ಟಿನ ಮೇಲ್ಭಾಗದಲ್ಲಿ ಉಸಿರುಗಂಡಿಯಂಥ ಸಣ್ಣ ಸೀಳು ಇರಲೇಬೇಕು; ಕಿಟಕಿ ಮುಚ್ಚಿದ್ದರೂ ಗಾಳಿ ಹರಿಯುತ್ತಿರಲಿ, ಹಸಿ ಕಟ್ಟದಿರಲಿ ಎಂದು. ಅಮ್ಮ ಮಲಗುವ ಮೊದಲು ಅದನ್ನು ಮುಚ್ಚಿಸುತ್ತಾಳೆ. ಬೆಳಿಗ್ಗೆ ಗಾಜಿನ ಅಂಚಿನಲ್ಲಿ ಹನಿ ನಿಂತಿರುತ್ತದೆ, ನಾನು ತೆರೆಯುತ್ತೇನೆ.

ಜುಲೈ ಬಂದಾಗ ತೋಟದ ಬಾಗಿಲು ಸಂಜೆ ಹೊತ್ತು ಬೀಗ ಹತ್ತಲು ತಕರಾರು ಮಾಡತೊಡಗಿತು. ಬೆಳಿಗ್ಗೆ ಸರಾಗ, ಸಂಜೆ ಹಿಡಿಕೆ ಎತ್ತಿ ಒತ್ತಬೇಕು. ನಾನು ಕಾರಣ ಹುಡುಕುವ ಮೊದಲೇ ಅಮ್ಮ ಹೇಳಿದಳು, "ಬಿಸಿಲಿಗೆ ಕಚ್ಚಿಕೊಂಡಿದೆ. ನಮ್ಮನೇಲಿ ಆಷಾಢದ ಮಳೆಗೆ ದೇವರಕೋಣೆ ಕದ ಕಚ್ಚಿಕೊಳ್ಳೂದಿಲ್ವಾ, ಹಂಗೇ." ಹಲಸಿನ ಮರದ ಕದ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಪ್ಲಾಸ್ಟಿಕ್ಕು ಬಿಸಿಗೆ ಉದ್ದಕ್ಕೂ ಹಿಗ್ಗುತ್ತದೆ. ಹಿರಿಯರನ್ನು ಕರೆಸಿದೆವು. ನಮ್ಮ ಊರಿನ ಆಚಾರ್ರಾದರೆ ಉಜ್ಜುಗೊರಡು ತರುತ್ತಿದ್ದರು. ಇವರು ತಂದದ್ದು ಅದೇ ಬಣ್ಣದ ಬಿಲ್ಲೆಗಳು. ಗಾಜಿನ ಸುತ್ತಲಿನ ಪಟ್ಟಿ ಬಿಚ್ಚಿ, ಕೆಳಗೆ ಕೀಲಿನ ಬದಿಯ ಮೂಲೆಯಲ್ಲಿ, ಮೇಲೆ ಹಿಡಿಕೆಯ ಬದಿಯ ಮೂಲೆಯಲ್ಲಿ, ಗಾಜಿಗೂ ಚೌಕಟ್ಟಿಗೂ ನಡುವೆ ಬಿಲ್ಲೆ ಬಿಗಿಮಾಡಿದರು. ಕದದ ತೂಕಕ್ಕೆ ಹಿಡಿಕೆಯ ಬದಿ ಕೆಳಗೆ ಜೋಲದಂತೆ ಗಾಜೇ ಅದನ್ನು ಓರೆಯಾಗಿ ಎತ್ತಿ ಹಿಡಿಯುತ್ತದೆ. ಒಡೆಯುವ ವಸ್ತುವೆಂದೇ ನಾನು ಗಾಜನ್ನು ತಿಳಿದಿದ್ದೆ. ಬಾಗಿಲಿಗೆ ಆಧಾರವೇ ಅದು ಎಂದು ಅಂದು ಕಂಡೆ. ಆಮೇಲೆ ಬಿಜಾಗರಿಯ ಒಂದು ತಿರುಪನ್ನು ಸ್ವಲ್ಪ ತಿರುಗಿಸಿದರು. ಬೀಗ ಮೆತ್ತಗೆ ಬಿತ್ತು. ಅಂದಿನಿಂದ ತಕರಾರಿಲ್ಲ.

ಕೌನ್ಸಿಲ್ಲಿನವರು ಪಾಯದಿಂದ ಹಿಡಿದು ಹಂತಹಂತವಾಗಿ ಬಂದು ನೋಡಿ, ಕೊನೆಗೆ ಪೂರ್ಣಗೊಂಡ ಪ್ರಮಾಣಪತ್ರ ಕೊಟ್ಟರು. ಒಳಕೋಣೆಯಲ್ಲಿ ಮಲಗುವವರಿಗೆ ಬೆಂಕಿ ಬಿದ್ದರೆ ನಡುಮನೆ ಹಾಯದೆ ಹೊರಬೀಳುವ ದಾರಿ ಇದೆಯೇ ಎಂದು ಇನ್‌ಸ್ಪೆಕ್ಟರ್ ತೋಟದ ಬಾಗಿಲನ್ನು ತಾವೇ ತೆರೆದು ದಾಟಿ ನೋಡಿದರು. ಅಮ್ಮ ಮಂಚದ ಮೇಲಿಂದಲೇ ಅವರನ್ನು ಗಮನಿಸುತ್ತಿದ್ದಳು. ಅವರು ಹೋದ ಮೇಲೆ, "ನನ್ನ ಕೋಣೆ ಇವತ್ತಿಗೆ ಪಕ್ಕಾ ಆಯ್ತಾ?" ಎಂದು ಕೇಳಿದಳು. ಈ ಮನೆಯಲ್ಲಿ ಅವಳು "ನನ್ನ" ಎಂದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಆಗ ನನಗಾದ ಸಂತೋಷವನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬೀದಿಯ ಆ ತುದಿಯ ಮನೆಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿದೆ. ಅವರದೂ ನಮ್ಮದೇ ನಮೂನೆಯ ಗಾಜಿನ ಕೋಣೆ. ಅವರ ಮಾವನವರಿಗೆ ಪಾರ್ಶ್ವವಾಯು ಆಗಿ ಮಹಡಿ ಹತ್ತಲಾಗದು. ಅವರು ನಮ್ಮ ಕೋಣೆ ನೋಡಲು ಬಂದವರು, ನಡುವಿನ ಬಾಗಿಲೊಂದನ್ನು ತೆಗೆದು ಮಾಡಿಗೆ ಒಳಗಿನಿಂದ ಹಲಗೆ ಹೊಡೆದರೆ ಸಾಕಲ್ಲವೇ, ಹಾಗೆ ಮಾಡಿಕೊಡುತ್ತೇವೆಂದು ಒಬ್ಬರು ಹೇಳಿದ್ದಾರೆ ಎಂದರು. ಅಷ್ಟು ಸಾಲದು ಎಂದು ನಾನು ಅವರನ್ನು ಊಟದ ಮೇಜಿಗೆ ಕರೆದು ಅದೇ ಕಾಗದ ಹರಡಿದೆ. ನೆಲದ ಅಳತೆ ಬರೆದೆವು, ಕಾಲುಭಾಗ ತೆಗೆದೆವು, ಹಳೆಯ ಬಾಗಿಲಿನ ವಿಸ್ತೀರ್ಣ ಕೂಡಿಸಿದೆವು. ಅವರ ಕೋಣೆ ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ನಮ್ಮ ಹಂಚಿಕೆ ಅವರಿಗೆ ಹೊಂದುವುದಿಲ್ಲ. ದೊಡ್ಡ ಕಿಟಕಿಯನ್ನು ಪಕ್ಕದ ದಕ್ಷಿಣ ಗೋಡೆಗೆ ಒಯ್ಯಬೇಕು, ತೋಟದ ಬಾಗಿಲಿಗೆ ಹೊರಗಡೆ ನೆರಳು ಬೇಕು. ಅಮ್ಮ ಮಂಚದ ಮೇಲಿಂದ, "ಕಿಟಕಿ ಕೆಳಗೆ ಇಡ್ಸಿ, ಮಲಗಿದೋರಿಗೆ ಕಾಣೂ ಹಂಗೆ" ಎಂದು ಕೂಗಿ ಹೇಳಿದಳು. ಅವರು ಅದನ್ನೂ ಬರೆದುಕೊಂಡರು. ಮುಂದಿನ ವಾರ ಪಾಯದ ಗುಂಡಿ ತೋಡಿಸುತ್ತಾರೆ. ಟೇಪು ಹಿಡಿದು ನಾನೂ ಹೋಗುವವಳಿದ್ದೇನೆ.